ಬೂದಿಗಿಡದ ತಾಯಿಸಾಲು

ನಮ್ಮ ನರ್ಸರಿಯಲ್ಲಿ ಗಿಡಗಳನ್ನು ಹೂವಿನ ಬಣ್ಣ ನೋಡಿ ಜೋಡಿಸಿಲ್ಲ, ಬಾಯಾರಿಕೆ ನೋಡಿ ಜೋಡಿಸಿದ್ದೇವೆ. ತೊಟ್ಟಿಯ ಪಕ್ಕದಲ್ಲಿ ದಿನವೂ ಕುಡಿಯುವವು. ಅವುಗಳ ಹಿಂದೆ ವಾರಕ್ಕೊಮ್ಮೆ ಕೇಳುವವು. ಬೇಲಿಯ ಬಳಿ, ಜಲ್ಲಿ ಹಾಸಿದ ಕಡೆ, ಕೇಳದೆಯೇ ಇರುವವು. ಈ ಏರ್ಪಾಟು ನನ್ನ ತಂಗಿಯದು. ಬೇಲಿಯ ಬಳಿಯವಕ್ಕೆ ಅವಳು ‘ನಮ್ಮ ಉಪವಾಸದವರು’ ಎಂದು ಹೆಸರಿಟ್ಟಿದ್ದಳು. ಮಳೆ ನೆಂಟನಂತೆ ಬಂದು ಹೋಗುವ ಊರು ನಮ್ಮದು. ಇಲ್ಲಿ ತೋಟ ಮಾಡಿಕೊಡುವವರು ಲಾರಿಗಟ್ಟಲೆ ಒಯ್ಯುವುದು ಈ ಉಪವಾಸದವರನ್ನೇ.

ಅವರಲ್ಲೆಲ್ಲ ಅವಳಿಗೆ ಅಚ್ಚುಮೆಚ್ಚು ಬೂದಿಗಿಡ. ಹಿಂದೊಮ್ಮೆ ಪೈಪು ಕಟ್ಟಿಕೊಂಡು ಒಂದು ಟ್ರೇಯ ಸಸಿಗಳೆಲ್ಲ ಒಣಗಿಹೋದಾಗ, ಮೂಲೆಯಲ್ಲಿ ಒಂದೇ ಒಂದು ಸಸಿ ಬೂದಿಬಣ್ಣದ ಎಲೆ ಬಿಚ್ಚಿಕೊಂಡು ನಿಂತಿತ್ತು. ಎಸೆಯಲು ಹೋದ ನನ್ನ ಕೈಯಿಂದ ಅದನ್ನು ಕಿತ್ತುಕೊಂಡು ಹೋಗಿ ನೆಟ್ಟಳು. ಅದರ ಕಡ್ಡಿಗಳಿಂದ ಒಂದು ಸಾಲು ತಾಯಿಗಿಡಗಳಾದವು. ತಾಯಿಗಿಡವನ್ನು ನಾವು ಮಾರುವುದಿಲ್ಲ. ಅದರಿಂದ ಕಡ್ಡಿ ಕತ್ತರಿಸಿ, ಬೇರು ಬರಿಸಿ, ಮರಿಗಳನ್ನು ಮಾರುತ್ತೇವೆ. ಈ ಗಿಡ ಬೇರೆ ಯಾರಲ್ಲಿಯೂ ಇಲ್ಲ. ಆ ಸಾಲು ಹೋದರೆ ಗಿಡದ ವಂಶವೇ ಹೋದ ಹಾಗೆ.

ಬೇಸಿಗೆಯ ಮೊದಲಲ್ಲಿ ದೇವರು ಅವಳನ್ನು ಕರೆದುಕೊಂಡ. ಹಿರಿಯನಾದ ನಾನು ಸಿದ್ಧನಾಗಿ ಕುಳಿತಿರುವಾಗ ನನ್ನನ್ನು ದಾಟಿ ಅವಳ ಬಳಿಗೆ ಏಕೆ ಹೋದೆ ಎಂದು ದಿನವೂ ಅವನನ್ನೇ ಕೇಳಿದೆ. ಉತ್ತರ ಬರಲಿಲ್ಲ. ಬರಲಿಲ್ಲವೆಂದು ನಾನು ಪ್ರಾರ್ಥನೆ ಬಿಡಲಿಲ್ಲ. ಈ ವಯಸ್ಸಿನಲ್ಲಿ ಬೇರೆ ಯಾರ ಬಾಗಿಲಿಗೆ ಹೋಗಲಿ?

ತಾಯಿಸಾಲಿಗೆ ಅವಳು ಪೈಪು ಎಳೆಯಲು ಬಿಟ್ಟಿರಲಿಲ್ಲ. ಪೈಪಿಗೆ ಕಣ್ಣಿಲ್ಲ ಎನ್ನುತ್ತಿದ್ದಳು. ಪ್ರತಿದಿನ ಬೆಳಿಗ್ಗೆ ಜಾಲರಿ ಮೂತಿಯ ಕ್ಯಾನು ತುಂಬಿಕೊಂಡು, ನೋಯುವ ಮಂಡಿಯನ್ನು ಎಳೆದುಕೊಂಡು, ತಾನೇ ಅಲ್ಲಿಗೆ ಹೋಗುತ್ತಿದ್ದಳು. ಅವಳು ಹೋದ ಮೇಲೆ ಆ ಕ್ಯಾನು ಶೆಡ್ಡಿನಲ್ಲಿ ಬೋರಲಾಗಿ ಬಿದ್ದಿರುವುದನ್ನು ನನ್ನಿಂದ ನೋಡಲಾಗಲಿಲ್ಲ. ಪ್ರಾರ್ಥನೆ ಮುಗಿಸಿ ಎದ್ದವನು ಅದನ್ನು ತುಂಬಿಕೊಂಡು ಹೋಗಿ ಸಾಲಿಗೆ ಸುರಿಯತೊಡಗಿದೆ. ಅದೂ ಒಂದು ಪ್ರಾರ್ಥನೆಯೇ ಎಂದು ನನಗನ್ನಿಸುತ್ತಿತ್ತು. ಯಾರಿಗೂ ಹೇಳಲಿಲ್ಲ. ತಂಗಿಯ ಮಗಳು, ನನ್ನ ಸೋದರಸೊಸೆ, ತಾಯಿಯ ಕೆಲಸವನ್ನೆಲ್ಲ ಹೆಗಲಿಗೆ ಹಾಕಿಕೊಂಡು ಬಡಿದಾಡುತ್ತಿದ್ದಳು. ಈ ಸಾಲು ಅವಳಿಗೆ ಮರೆತೇಹೋಗಿದೆ ಎಂದುಕೊಂಡೆ. ಮರೆಯಲಿ, ಪಾಪ, ನಾನಿದ್ದೇನಲ್ಲ ಎಂದುಕೊಂಡೆ.

ಬಿಸಿಲು ಏರಿದ ಹಾಗೆ ಎಲೆಗಳು ಜೋತುಬಿದ್ದವು. ಇನ್ನೊಂದು ಕ್ಯಾನು ಹೆಚ್ಚಿಗೆ ಹಾಕಿದೆ. ಮತ್ತೂ ಜೋತವು. ಮತ್ತೂ ಹಾಕಿದೆ.

ಒಂದು ದಿನ ನಮ್ಮ ಹಳೆಯ ಗಿರಾಕಿ, ತೋಟ ಮಾಡಿಕೊಡುವ ಗುತ್ತಿಗೆದಾರ, ಲಾರಿ ನಿಲ್ಲಿಸಿ ಒಳಗೆ ಬಂದ. ಟ್ಯಾಂಕರ್ ನೀರು ನಂಬಿಕೊಂಡಿರುವ ಒಂದು ಹೊಸ ಬಡಾವಣೆಯ ಇಳಿಜಾರಿಗೆಲ್ಲ ಬೂದಿಗಿಡವೇ ಬೇಕಂತೆ, ಮುಂದಿನ ವರ್ಷಕ್ಕೆ. ಹಾಗಾದರೆ ಈ ವಾರವೇ ಕಡ್ಡಿ ಕತ್ತರಿಸಬೇಕು ಎಂದು ಹೇಳಿ ಸೊಸೆ ಅವನನ್ನು ಬೇಲಿಯ ಕಡೆಗೆ ಕರೆದೊಯ್ದಳು. ನಾನೂ ಹಿಂದೆ ಹೋದೆ. ಅವನು ಸಾಲಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತು, ಹೋಮ್‌ವರ್ಕ್ ಮಾಡದ ಹುಡುಗರ ಹಾಗೆ ಇವೆಲ್ಲ ತಲೆ ತಗ್ಗಿಸಿವೆಯಲ್ಲ, ನೀರು ಸಾಲದೇನೋ ಎಂದ.

ಅವನು ಮಾತು ಮುಗಿಸುವ ಮೊದಲೇ ನಾನು ಶೆಡ್ಡಿನ ಕಡೆ ತಿರುಗಿದ್ದೆ. ಸೊಸೆಯೂ ತಿರುಗಿದಳು. ಕ್ಯಾನಿನ ಹಿಡಿಯ ಮೇಲೆ ಇಬ್ಬರ ಕೈಯೂ ಒಟ್ಟಿಗೆ ಬಿತ್ತು.

“ಬಿಡಿ ಮಾವ, ನಿಮಗ್ಯಾಕೆ ತೊಂದರೆ. ನಾನು ದಿನಾ ಮಧ್ಯಾಹ್ನ ಹಾಕ್ತಾನೇ ಇದ್ದೀನಿ,” ಎಂದಳು.

“ಮಧ್ಯಾಹ್ನಾನಾ? ನಾನು ಬೆಳಿಗ್ಗೆ ಹಾಕ್ತೀನಲ್ಲಮ್ಮ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಹೇಳಿದ್ದು ಇಷ್ಟು: ನಾನು ಊಟ ಮಾಡಿ ಕಣ್ಣು ಮುಚ್ಚಿದ ಹೊತ್ತಿನಲ್ಲಿ ಅವಳು ಸದ್ದಿಲ್ಲದೆ ಹೋಗಿ ನೀರು ಹಾಕಿ ಬರುತ್ತಿದ್ದಳು. ದುಃಖದಲ್ಲಿ ಮಾವನಿಗೆ ಈ ಸಾಲಿನ ನೆನಪಿಲ್ಲ, ನೆನಪಿಸಿ ನೋಯಿಸುವುದು ಬೇಡ ಎಂದು ಅವಳ ಲೆಕ್ಕ. ಎಲೆ ಜೋತದ್ದನ್ನು ಕಂಡು ಅವಳೂ ಹೆಚ್ಚಿಗೆ ಹಾಕಿದ್ದಳು. ಬಿಸಿಲಿಗೆ ಮೇಲಿನ ಜಲ್ಲಿ ಗಳಿಗೆಯಲ್ಲಿ ಒಣಗಿಬಿಡುವುದರಿಂದ ಒಬ್ಬರು ಸುರಿದದ್ದು ಇನ್ನೊಬ್ಬರ ಕಣ್ಣಿಗೆ ಬಿದ್ದಿರಲಿಲ್ಲ.

“ಅಂದ್ರೆ ಇವಕ್ಕೆ ಎರಡು ಹೊತ್ತು ಊಟ,” ಎಂದ ಗುತ್ತಿಗೆದಾರ. “ನಮ್ಮನೇಲಿ ನನಗೇ ಒಂದು ಹೊತ್ತು.” ನಮ್ಮ ಮುಖ ಕಂಡು, ಆಡಿದ ಮಾತನ್ನು ನುಂಗಿಕೊಂಡ ಹಾಗೆ, ಲಾರಿಯ ಹಗ್ಗ ನೋಡಿ ಬರುತ್ತೇನೆಂದು ಹೊರಟುಹೋದ.

ಜಲ್ಲಿ ಸರಿಸಿ ಬೆರಳಿಟ್ಟೆ. ಬೆರಳು ಮೊಸರಿನಲ್ಲಿ ಇಳಿದಂತೆ ಇಳಿಯಿತು. ಒಂದು ಗಿಡವನ್ನು ಅಗೆದು ತೆಗೆದೆವು. ಬೇರು ಕಂದಿ ಲೋಳೆಯಾಗಿತ್ತು; ಕೊಳೆತ ವಾಸನೆ ಮೂಗಿಗೆ ಬಡಿಯಿತು. ಬೇರು ಸತ್ತ ಗಿಡ ನೀರಿನಲ್ಲಿ ನಿಂತೂ ಬಾಯಾರಿದ ಗಿಡದ ಹಾಗೆಯೇ ಬಾಡುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಜೀವಮಾನವಿಡೀ ಊರಿಗೆಲ್ಲ ಹೇಳಿಕೊಂಡು ಬಂದದ್ದು.

ಸೊಸೆ ಮಣ್ಣಿನಲ್ಲೇ ಕುಳಿತುಬಿಟ್ಟಳು. “ಅಮ್ಮ ದಿನಾ ಹಾಕ್ತಿದ್ದಳಲ್ಲ ಮಾವ. ಅವಳು ಹಾಕಿದ್ರೆ ಬದುಕ್ತಿತ್ತು, ನಾವು ಹಾಕಿದ್ರೆ ಸಾಯುತ್ತಾ?”

ಆಗ ನನಗೆ ಕ್ಯಾನಿನ ಭಾರ ನೆನಪಾಯಿತು. ಬೇಲಿಯಿಂದ ಅವಳು ಹಿಂದಿರುಗುವಾಗ, ಮಂಡಿನೋವಿನವಳೆಂದು, ಎಷ್ಟೋ ಸಲ ನಾನು ಎದುರು ಹೋಗಿ ಕ್ಯಾನನ್ನು ಇಸಿದುಕೊಂಡಿದ್ದೇನೆ. ಅದು ಭಾರವಾಗಿಯೇ ಇರುತ್ತಿತ್ತು. ಹೆಚ್ಚಿನ ದಿನ ಅದರ ನೀರನ್ನೆಲ್ಲ ಹಾಗೆಯೇ ತೊಟ್ಟಿಗೆ ಸುರಿದಿದ್ದೇನೆ. ಏಕೆ ಭಾರ ಎಂದು ಒಂದು ದಿನವೂ ಕೇಳಿಕೊಂಡವನಲ್ಲ. ಅವಳು ಹೋಗುತ್ತಿದ್ದುದು ನೀರು ಹಾಕುವುದಕ್ಕಲ್ಲ, ಬೇಕೇ ಎಂದು ವಿಚಾರಿಸುವುದಕ್ಕೆ. ಬೇಡವೆಂದರೆ ತುಂಬಿದ ಕ್ಯಾನನ್ನು ಹೊತ್ತುಕೊಂಡೇ ಬರುತ್ತಿದ್ದಳು. ನಾವು ಕಂಡದ್ದು ಅವಳು ಹೋದದ್ದನ್ನು ಮಾತ್ರ.

ಇದನ್ನು ಸೊಸೆಗೆ ಹೇಳಿದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, “ಕತ್ತರಿ ಎಲ್ಲಿದೆ?” ಎಂದಳು.

ಸಾಲನ್ನೆಲ್ಲ ಕಿತ್ತೆವು. ತಂಗಿ ನೆಟ್ಟದ್ದನ್ನು ನನ್ನ ಕೈಯಿಂದಲೇ ಕಿತ್ತೆ. ಪ್ರತಿ ಗಿಡದ ತುದಿಯಿಂದ ಕೆಳಗಿಳಿಯುತ್ತ, ಒಳಗೆ ಹಸಿರಿರುವ ಕಡ್ಡಿಗಾಗಿ ಹುಡುಕಿದೆವು. ಎಷ್ಟೋ ಕಡ್ಡಿಗಳ ಒಳಗೆ ಕಂದು ಏರಿಬಿಟ್ಟಿತ್ತು. ಒಂದು ತಟ್ಟೆಯಷ್ಟು ಮಾತ್ರ ಚೊಕ್ಕದ್ದು ಸಿಕ್ಕಿತು. ಅವನ್ನು ತಟ್ಟೆಗೆ ತುಂಬಿದ ಹೊಸ ಮರಳಿನಲ್ಲಿ ಊರಿ, ನೆರಳು ಪರದೆಯ ಕೆಳಗಿಟ್ಟು, ಒಂದೇ ಒಂದು ಸಲ ನೀರು ಚಿಮುಕಿಸಿದೆವು. ಲಾರಿಯಿಂದ ಮರಳಿ ಬಂದ ಗುತ್ತಿಗೆದಾರನಿಗೆ ಸೊಸೆ, ಮುಂದಿನ ವರ್ಷಕ್ಕೆ ಮಾತು ಕೊಡಲಾರೆ, ಬೇರೆ ಗಿಡ ನೋಡಿಕೊಳ್ಳಿ ಎಂದಳು. ಅವನು ತಟ್ಟೆಯನ್ನೂ ನಮ್ಮನ್ನೂ ನೋಡಿ, ಇಳಿಜಾರು ಎಲ್ಲಿಗೂ ಓಡಿಹೋಗುವುದಿಲ್ಲ, ಅರ್ಧ ಖಾಲಿ ಬಿಟ್ಟು ಕಾಯುತ್ತೇನೆ ಎಂದ.

ಆಮೇಲಿನ ಕೆಲಸವೇ ಕಷ್ಟದ್ದು. ಏನೂ ಮಾಡದಿರುವುದು. ಬೆಳಿಗ್ಗೆ ಪ್ರಾರ್ಥನೆ ಮುಗಿಯುತ್ತಲೇ ಕಾಲು ತಾನಾಗಿ ಶೆಡ್ಡಿನ ಕಡೆ ನಡೆಯುತ್ತಿತ್ತು. ಸೊಸೆ ಶೆಡ್ಡಿಗೆ ಬೀಗ ಹಾಕಿ ಕೀಲಿಕೈ ನನಗೆ ಕೊಟ್ಟಳು. ನನ್ನನ್ನು ನೀವು ಕಾಯಿರಿ, ನಿಮ್ಮನ್ನು ನಾನು ಕಾಯುತ್ತೇನೆ ಎಂದಳು. ಕಳ್ಳನ ಕೈಗೇ ಕೀಲಿ ಕೊಟ್ಟಂತಾಯಿತಲ್ಲ ಎಂದೆ. ತಾಯಿ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅಂದೇ ಮೊದಲು. ಅಂದಿನಿಂದ ಇಬ್ಬರೂ ಒಟ್ಟಿಗೆ, ಬರಿಗೈಯಲ್ಲಿ, ತಟ್ಟೆಯ ಬಳಿಗೆ ಹೋಗಿ ಮರಳಿಗೆ ಬೆರಳಿಟ್ಟು ಬರುತ್ತಿದ್ದೆವು. ಒಣಗಿದ್ದರೆ ಒಂದು ಚಿಮುಕು, ಇಲ್ಲವಾದರೆ ಇಲ್ಲ.

ಕೆಲವು ಕಡ್ಡಿಗಳು ಬುಡದಲ್ಲಿ ಕಪ್ಪಾದವು. ಕೆಲವು ಒಣಗಿ ಪುರಲೆಯಾದವು. ಮಿಕ್ಕವು ಸತ್ತಿವೆಯೋ ಬದುಕಿವೆಯೋ ಎಲೆ ನೋಡಿ ಹೇಳುವಂತಿರಲಿಲ್ಲ. ಬೂದಿಬಣ್ಣ ಏನನ್ನೂ ಬಿಟ್ಟುಕೊಡುವುದಿಲ್ಲ. ಮೆಲ್ಲನೆ ಎಳೆದು ನೋಡಬೇಕು. ಬೇರು ಬಂದಿದ್ದರೆ ಕಡ್ಡಿ ಹಿಡಿದುಕೊಳ್ಳುತ್ತದೆ. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಸೊಸೆ, ನೀವೇ ನೋಡಿ ಮಾವ ಎಂದು ಹಿಂದೆ ಸರಿದು ನಿಂತಳು. ಮೊದಲನೆಯದು ಬೆರಳಿಗೇ ಬಂದುಬಿಟ್ಟಿತು. ಎರಡನೆಯದೂ ಬಂತು. ನನ್ನ ಬಾಯಿಂದ ದೇವರ ಹೆಸರು ಹೊರಟಿತು. ಕೇಳಿಕೊಂಡದ್ದೋ ಜಗಳವಾಡಿದ್ದೋ ನನಗೇ ತಿಳಿಯಲಿಲ್ಲ. ಮೂರನೆಯದನ್ನು ಹಿಡಿದೆ.

“ಬಂತಾ ಮಾವ?”

“ಇಲ್ಲಮ್ಮ. ಬರಲ್ಲ ಅಂತಿದೆ.”

ಅವಳು ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಳು. ನಾನು ನಾಲ್ಕನೆಯದಕ್ಕೆ ಕೈ ಚಾಚಿದೆ.

“ಸಾಕು,” ಎಂದು ಅವಳು ನನ್ನ ಮಣಿಕಟ್ಟು ಹಿಡಿದಳು. “ಎಲ್ಲಾದನ್ನೂ ಎಳೆದು ಕೇಳ್ಬೇಡಿ. ಅವುಗಳ ಪಾಡಿಗೆ ಬಿಡಿ.”