ಶನಿಯ ಎದುರು ಅತ್ತೆ ಕೂತ ಜಾಗ

ಆ ಸಲ ಪ್ರಳಯ ಆಗುತ್ತದೆಂದು ಎಲ್ಲರಿಗೂ ಗೊತ್ತಿತ್ತು, ತಾರೀಕು ಸಮೇತ. ಅರುವತ್ತೆರಡನೇ ಇಸವಿಯ ಫೆಬ್ರವರಿ, ಪುಷ್ಯದ ಅಮಾವಾಸ್ಯೆ. ಅಂದು ಎಂಟು ಗ್ರಹಗಳು ಮಕರ ರಾಶಿಯಲ್ಲಿ ಒಟ್ಟು ಸೇರುತ್ತವೆ, ಅಲ್ಲಿಗೆ ಭೂಮಿಯ ಕಥೆ ಮುಗಿಯಿತು ಎಂದು ಪುತ್ತೂರಿನ ಪೇಟೆಯಿಂದ ಹಿಡಿದು ಕೆದಂಬಾಡಿಯ ನಮ್ಮ ಹಿತ್ತಿಲವರೆಗೆ ಒಂದೇ ಸುದ್ದಿ. ಅದರ ಹಿಂದಿನ ಡಿಸೆಂಬರಿನಲ್ಲಿ ನಾನು ಏಳು ತಿಂಗಳ ಬಸುರಿ. ಸೂಲಗಿತ್ತಿ ಬೆರಳು ಮಡಚಿ ಹೇಳಿದ ದಿನವೂ ಅದೇ ಅಮಾವಾಸ್ಯೆಯ ಆಸುಪಾಸಿಗೆ ಬರುತ್ತಿತ್ತು. ಮೊದಲಿನ ಎರಡು ನನ್ನ ಕೈಗೆ ದಕ್ಕಿರಲಿಲ್ಲ. ಒಂದು ಐದನೇ ತಿಂಗಳಿಗೇ ಹೋಗಿತ್ತು, ಇನ್ನೊಂದು ಎಂಟು ದಿನ ಬದುಕಿತ್ತು. ಹಾಗಾಗಿ ಪ್ರಳಯಕ್ಕೆ ಹೆದರಲು ನನಗೆ ಪುರುಸೊತ್ತೇ ಇರಲಿಲ್ಲ. ನನ್ನ ಹೆದರಿಕೆಯೆಲ್ಲ ಹೊಟ್ಟೆಯೊಳಗೇ ಇತ್ತು. ಮಗು ಒಂದು ಗಳಿಗೆ ಸುಮ್ಮನಾದರೆ ಕೈಯ ಕೆಲಸ ಬಿಟ್ಟು ಹೊಟ್ಟೆ ಮುಟ್ಟಿಕೊಂಡು ಕೂರುತ್ತಿದ್ದೆ.

ಅತ್ತೆಗೆ ಮಾತ್ರ ಬೇಕಾದಷ್ಟು ಪುರುಸೊತ್ತಿತ್ತು. ಎಪ್ಪತ್ತೆರಡು ವರ್ಷ, ಮಡಚಿದರೆ ನೆಟ್ಟಗಾಗದ ಮೊಣಕಾಲು, ಸ್ವಲ್ಪ ಬಾಗಿದ ಬೆನ್ನು. ಹಟಕ್ಕೆ ಮಾತ್ರ ಇನ್ನೂ ಪ್ರಾಯ. ಮಕರಕ್ಕೆ ಶನಿ ಆಗಲೇ ಬಂದು ಕೂತಿದ್ದಾನೆ, ಗುರುವೂ ಬಂದಾಯಿತು, ಉಳಿದವರು ಬರುವುದೊಂದೇ ಬಾಕಿ ಎಂದು ಯಾರೋ ಹೇಳಿದ್ದನ್ನು ಕೇಳಿದ ದಿನವೇ ಅವರು ರಾತ್ರಿಯ ಊಟ ಬಿಟ್ಟರು. ಆಮೇಲೆ ಬೆಳಗಿನ ತಿಂಡಿ ಬಿಟ್ಟರು. ಕಾರ್ತಿಕ ಮುಗಿಯುವ ಹೊತ್ತಿಗೆ ಮಧ್ಯಾಹ್ನದ ಒಂದು ಸೌಟು ಗಂಜಿಗೆ ಬಂದು ನಿಂತಿದ್ದರು. ಯಾಕೆಂದು ಕೇಳಿದರೆ ತುಟಿ ಬಿಚ್ಚುವುದಿಲ್ಲ. ಪುತ್ತೂರಿನಿಂದ ಬಂದ ಡಾಕ್ಟರು ಕೈ ಹಿಡಿದು ನೋಡಿ, ಹೀಗೇ ಆದರೆ ಇವರು ಅಮಾವಾಸ್ಯೆಯವರೆಗೆ ಕಾಯುವುದಿಲ್ಲ ಎಂದು ನನ್ನ ಗಂಡನನ್ನು ಪಕ್ಕಕ್ಕೆ ಕರೆದು ಹೇಳಿದರು.

ನನ್ನ ಗಂಡ ಪರಮೇಶ್ವರ ಎಲಿಮೆಂಟರಿ ಶಾಲೆಯ ಮಾಸ್ಟ್ರು. ಊರಿಗೆ ಮಾಸ್ಟ್ರಾದವರು ಮನೆಯಲ್ಲೂ ಮಾಸ್ಟ್ರೇ. ಯಾವುದನ್ನಾದರೂ ಒಮ್ಮೆ ಕಣ್ಣಿಗೆ ತೋರಿಸಿಬಿಟ್ಟರೆ ಜನರ ತಲೆಗೆ ಹೋಗುತ್ತದೆ ಎಂದು ಅವರ ಭಾವನೆ. ಅಮ್ಮನಿಗೆ ಶನಿಯನ್ನು ತೋರಿಸುತ್ತೇನೆ, ಅದೊಂದು ದೂರದ ಉಂಡೆ ಎಂದು ಗೊತ್ತಾದರೆ ಭಯ ಹೋಗುತ್ತದೆ, ಭಯ ಹೋದರೆ ಊಟ ಮಾಡುತ್ತಾರೆ ಎಂದರು. ನನಗೆ ನಗು ಬಂತು, ಅಳುವೂ ಬಂತು. ಬೇರೆ ದಾರಿಯೂ ಇರಲಿಲ್ಲ.

ದುರ್ಬೀನು ಕೊಟ್ಟವರು ಕುಂಬ್ರದಲ್ಲಿ ಜೀನಸಿನ ಅಂಗಡಿ ಇಟ್ಟಿದ್ದ ಅಹ್ಮದ್ ಕುಂಞಿ. ಮಂಗಳೂರಿನ ಬಂದರಿನಲ್ಲಿ ಯಾವುದೋ ಹಡಗಿನ ಹಳೆಯ ಸಾಮಾನಿನ ಜೊತೆ ಅವರಿಗೆ ಸಿಕ್ಕಿದ್ದಂತೆ. ಮೊಳಕ್ಕಿಂತ ಉದ್ದದ ಹಿತ್ತಾಳೆಯ ಕೊಳವೆ, ಮೂರು ಕಾಲಿನ ಮರದ ಸ್ಟೇಂಡು. ಗೋಣಿಯಲ್ಲಿ ಸುತ್ತಿ ತಾವೇ ಹೊತ್ತು ತಂದು ಹಿತ್ತಿಲಲ್ಲಿ ಇಳಿಸಿದರು. ನಿಮ್ಮ ಅಮಾವಾಸ್ಯೆ ಕಳೆದ ಕೂಡಲೇ ನಮಗೆ ರಂಝಾನಿನ ಚಂದ್ರ ಕಾಣಬೇಕು ಮಾಸ್ಟ್ರೆ, ಅಷ್ಟರವರೆಗೆ ಭೂಮಿಯೂ ಇರಲಿ, ಇದೂ ಸರಿಯಾಗಿ ಇರಲಿ ಎಂದು ನಗುತ್ತಾ ಹೇಳಿ ಹೋದರು. ಅತ್ತೆ ನಗಲಿಲ್ಲ. ಕೊಳವೆಯ ಎರಡೂ ಬದಿ ಮುಟ್ಟಿ ನೋಡಿದರು. ಇದರ ಒಳಗೆ ಆಚೆಯಿಂದ ಈಚೆಗೆ ತೂತು ಉಂಟಾ ಎಂದು ಕೇಳಿದರು. ಉಂಟು, ಎರಡು ಬದಿಗೂ ಗಾಜು ಎಂದು ಮಾಸ್ಟ್ರು ಪಾಠ ಶುರು ಮಾಡಿದರು. ಅತ್ತೆ ಅಷ್ಟು ಕೇಳಿ ಒಳಗೆ ಹೋದರು.

ಆ ತಿಂಗಳು ಶನಿ ಸಂಜೆ ಕತ್ತಲಾಗುವಾಗ ಪಡುವಣದ ತೆಂಗಿನ ಮರಗಳ ಮೇಲೆ ಕಾಣುತ್ತಿತ್ತು. ಏಳೂವರೆಗೆಲ್ಲ ಮರಗಳ ಹಿಂದೆ ಇಳಿಯುತ್ತಿತ್ತು. ಅದರೊಳಗೆ ನೋಡಿ ಮುಗಿಸಬೇಕು. ಕೊಳವೆಯ ಮೂತಿ ಆಕಾಶಕ್ಕೆ ಎತ್ತಿದರೆ ಕಣ್ಣಿಡುವ ತುದಿ ಕೆಳಗೆ ಬರುತ್ತದೆ: ನಿಂತವರಿಗೆ ತಗ್ಗು, ನೆಲದ ಮೇಲೆ ಕೂತವರಿಗೆ ಎತ್ತರ. ಮೈ ಸ್ವಲ್ಪ ಅಲುಗಾಡಿ ಕೊಳವೆಗೆ ತಾಗಿದರೂ ಶನಿ ಮಾಯ. ನಾವಾದರೆ ಹೇಗೋ ಬಗ್ಗಿ ನೋಡಿಯೇವು, ಅತ್ತೆಯ ಮೊಣಕಾಲಿಗೂ ಬೆನ್ನಿಗೂ ಸರಿಯಾದ ಆಸನ ಬೇಕು. ಶನಿಗಿಂತ ದೊಡ್ಡ ತಲೆನೋವು ಅದೇ ಆಯಿತು.

ಮೊದಲ ದಿನ ಮಾಸ್ಟ್ರು ಶಾಲೆಯಿಂದ ಒಂದನೇ ಕ್ಲಾಸಿನ ಬೆಂಚು ತಂದರು. ಅತ್ತೆ ಕೂತರು, ಬೆನ್ನಿಗೆ ಒರಗಲು ಏನೂ ಇಲ್ಲ ಎಂದರು, ಎದ್ದರು. ಎರಡನೆಯ ದಿನ ಕ್ಯಾನ್ವಾಸಿನ ಆರಾಮ ಕುರ್ಚಿ. ಅದರೊಳಗೆ ಹೂತುಹೋದ ಅವರನ್ನು ಎಬ್ಬಿಸಲು ಇಬ್ಬರು ಬೇಕಾಯಿತು. ಮೂರನೆಯ ದಿನ ಪಕ್ಕದ ಮನೆಯಲ್ಲಿ ಅಡಿಕೆ ಸುಲಿಯಲು ಬರುತ್ತಿದ್ದ ಕೂಸಪ್ಪ ತನ್ನ ಮಣೆಯನ್ನೇ ತಂದುಕೊಟ್ಟ. ಬೆಳಗಿನಿಂದ ಸಂಜೆಯವರೆಗೆ ಅದರ ಮೇಲೆ ಕೂತು ಅಡಿಕೆ ಸುಲಿಯುವ ಮನುಷ್ಯ. ಕೂರುವ ವಿಷಯ ಅವನಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ಮಣೆಯ ಮೇಲೆ ಗೋಣಿ ಮಡಚಿ ಹಾಕಿ, ಬೆನ್ನಿಗೆ ಅಡಿಕೆ ಸಿಪ್ಪೆ ತುಂಬಿದ ಚೀಲ ಕೊಟ್ಟ. ಎತ್ತರ ಸರಿಯಾಯಿತು, ಬೆನ್ನೂ ಸರಿಯಾಯಿತು. ನಾವೆಲ್ಲ ಉಸಿರು ಬಿಟ್ಟೆವು. ಅತ್ತೆ ಕಣ್ಣಿಡಲಿಲ್ಲ. ಇದನ್ನು ಬಾಗಿಲ ಹತ್ತಿರ ಸರಿಸಿ ಎಂದರು. ಸರಿಸಿದೆವು. ಇನ್ನೂ ಸ್ವಲ್ಪ ಎಂದರು. ಮನೆಯ ಮಾಡಿನ ಕೆಳಗೆ ಹೋದರೆ ಆಕಾಶ ಕಾಣುವುದಿಲ್ಲ ಎಂದು ಮಾಸ್ಟ್ರು ಪುನಃ ಮಣೆಯನ್ನು ಹಿತ್ತಿಲ ನಡುವಿಗೆ ಎಳೆದರು. ಅತ್ತೆ ಎದ್ದು ಒಳಗೆ ಹೋದರು.

ಹೀಗೆ ಒಂದು ವಾರ. ದಿನಕ್ಕೊಂದು ಆಸನ, ದಿನಕ್ಕೊಂದು ಕೊರತೆ. ಒಂದು ದಿನ ಅಹ್ಮದ್ ಕುಂಞಿಯವರ ಅಂಗಡಿಯ ಸ್ಟೂಲು, ಇನ್ನೊಂದು ದಿನ ಬೋರಲು ಹಾಕಿದ ಕಡಾಯಿ. ಜೊತೆಗೆ ದಿನಾ ಇನ್ನೊಂದು ಗಲಾಟೆ. ದುರ್ಬೀನು ನಿಲ್ಲಿಸುವ ಹೊತ್ತಿಗೆ ಸರಿಯಾಗಿ ಅತ್ತೆ ನನ್ನನ್ನು ಒಳಗೆ ಕಳುಹಿಸುತ್ತಿದ್ದರು, ಹಿಂಬಾಗಿಲು ಹಾಕಿಕೋ ಎನ್ನುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಹಿಂಬಾಗಿಲು ತೆರೆದಿಡಬಾರದು ಎಂಬ ಶಾಸ್ತ್ರ ನಮ್ಮಲ್ಲಿ ಹೇಗೂ ಇದ್ದದ್ದೇ. ಅದಕ್ಕೇ ಹೇಳುತ್ತಾರೆಂದು ನಾನು ಬಾಗಿಲು ಹಾಕುತ್ತಿದ್ದೆ, ಸೆಕೆಯಲ್ಲಿ ಬೇಯುತ್ತಿದ್ದೆ.

ಅಷ್ಟರಲ್ಲಿ ಅತ್ತೆಯ ಬಳೆ ಮೊಣಕೈವರೆಗೆ ಜಾರತೊಡಗಿತ್ತು. ಶನಿಯೂ ದಿನದಿನಕ್ಕೆ ಕೆಳಗಿಳಿಯುತ್ತಿತ್ತು. ಇನ್ನು ನಾಲ್ಕು ದಿನ ಕಳೆದರೆ ಸರಿಯಾಗಿ ಕತ್ತಲಾಗುವ ಮೊದಲೇ ಮರಗಳ ಹಿಂದೆ ಹೋಗಿಬಿಡುತ್ತದೆ, ಆಮೇಲೆ ಅಮಾವಾಸ್ಯೆ ಕಳೆಯುವವರೆಗೂ ಸಿಕ್ಕುವುದಿಲ್ಲ ಎಂದು ಮಾಸ್ಟ್ರು ರಾತ್ರಿ ಚಾಪೆಯಲ್ಲಿ ಹೊರಳಾಡುತ್ತಿದ್ದರು. ಅವರು ಅಮ್ಮನಿಗೆ ಏರುದನಿಯಲ್ಲಿ ಮಾತಾಡಿದವರಲ್ಲ. ಆ ಕೆಲಸ ಮನೆಯಲ್ಲಿ ನನ್ನದು.

ಮರುದಿನ ಮಧ್ಯಾಹ್ನ ಅತ್ತೆ ಗಂಜಿಯ ಬಟ್ಟಲನ್ನು ಅರ್ಧಕ್ಕೇ ದೂಡಿದಾಗ ನನ್ನ ತಾಳ್ಮೆ ಹೋಯಿತು. ಬೆಳಗಿನಿಂದ ಮಗು ಸರಿಯಾಗಿ ಅಲುಗಿರಲಿಲ್ಲ, ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆ ಹೆದರಿಕೆಯೆಲ್ಲ ಸಿಟ್ಟಾಗಿ ಅವರ ಮೇಲೆ ಹೋಯಿತು.

"ಎಪ್ಪತ್ತೆರಡು ವರ್ಷ ಬದುಕಿ ಆಯ್ತಲ್ಲ ಅತ್ತೆ, ಇನ್ನೂ ಇಷ್ಟು ಜೀವದಾಸೆಯಾ? ಇಲ್ಲಿ ಒಂದು ಜೀವ ಹುಟ್ಟುದಕ್ಕೇ ಕಷ್ಟಪಡ್ತಾ ಉಂಟು."

ಆಡಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅತ್ತೆ ನನ್ನ ಮುಖ ನೋಡಲಿಲ್ಲ. ಹೊಟ್ಟೆಯನ್ನು ನೋಡಿದರು, ಹೊಟ್ಟೆಯ ಮೇಲಿದ್ದ ನನ್ನ ಕೈಯನ್ನು ನೋಡಿದರು. ಇವತ್ತು ಅಲುಗಿತಾ ಎಂದು ಕೇಳಿದರು. ನಾನು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡೆ. ಅವರು ಬಟ್ಟಲನ್ನು ಇನ್ನಷ್ಟು ಆಚೆಗೆ ದೂಡಿ ಎದ್ದರು.

ಆ ಸಂಜೆ ನಾವು ಯಾವ ಆಸನವನ್ನೂ ಹುಡುಕಲಿಲ್ಲ. ಮಾಸ್ಟ್ರಿಗೂ ಸಾಕಾಗಿತ್ತು. ದುರ್ಬೀನನ್ನು ಹಿಂದೆ ಕೊಟ್ಟುಬರುವುದೆಂದು ಗೋಣಿ ಬಿಚ್ಚಿ ಇಟ್ಟಿದ್ದರು. ಕತ್ತಲಾಗುವ ಹೊತ್ತಿಗೆ ಅತ್ತೆ ತಾವಾಗಿಯೇ ಅಡಿಗೆಮನೆಗೆ ಬಂದರು. ಹಿಂಬಾಗಿಲಿನ ದಾರಂದವನ್ನು ಎರಡೂ ಬದಿ ಹಿಡಿದುಕೊಂಡು, ನರಳುತ್ತಾ, ಮೆಲ್ಲ ಹೊಸ್ತಿಲ ಮೇಲೆ ಕೂತರು. ಕಾಲು ಹೊರಗಿನ ಮೆಟ್ಟಿಲಿಗೆ ಇಳಿಬಿಟ್ಟರು.

"ಆ ಸ್ಟೇಂಡನ್ನು ಇಲ್ಲಿಗೆ ತಾ ಮಗ" ಎಂದರು.

ಮಾಸ್ಟ್ರು ಹಿತ್ತಿಲಲ್ಲಿ ನಿಂತಲ್ಲೇ ನಿಂತರು. ಮುಸ್ಸಂಜೆಯಲ್ಲಿ ಹೊಸ್ತಿಲ ಮೇಲೆ ಕೂರಬಾರದು ಎಂದು ಆ ಮನೆಯಲ್ಲಿ ಎಲ್ಲರಿಗೂ ಕಲಿಸಿದವರು ಅತ್ತೆಯೇ. ಮದುವೆಯಾಗಿ ಬಂದ ಹೊಸತರಲ್ಲಿ ನಾನೊಮ್ಮೆ ಮರೆತು ಕೂತದ್ದಕ್ಕೆ ಮೂರು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು. ಈಗ ಅಲ್ಲಿಯೇ, ಸೀರೆಯ ಸೆರಗನ್ನು ಎರಡೂ ಬದಿಗೆ ಹರಡಿ, ಬಾಗಿಲು ತುಂಬುವ ಹಾಗೆ ಕೂತಿದ್ದರು. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅಮ್ಮ, ಈ ಹೊತ್ತಿಗೆ ಅಲ್ಲಿ ಕೂರುವುದಾ ಎಂದು ಮಾಸ್ಟ್ರು ಕೇಳಿದರು. ನನಗೆ ಇಲ್ಲಿಯೇ ಆಗುದು ಎಂದರು ಅತ್ತೆ.

ಮಾಸ್ಟ್ರು ಮೂರು ಕಾಲನ್ನೂ ಗಿಡ್ಡ ಮಾಡಿ ಮೆಟ್ಟಿಲ ಕೆಳಗೆ ನಿಲ್ಲಿಸಿದರು. ಕೊಳವೆಯನ್ನು ತಿರುಗಿಸಿ, ಬಗ್ಗಿ, ಶನಿಯನ್ನು ಹಿಡಿದರು. ಶನಿ ಈಗ ಅಷ್ಟು ಕೆಳಗಿಳಿದಿದ್ದರಿಂದ ಮಾಡು ಅಡ್ಡ ಬರಲಿಲ್ಲ. ಕಣ್ಣಿಡುವ ತುದಿ ಸರಿಯಾಗಿ ಅತ್ತೆಯ ಮುಖದ ಎದುರಿಗೆ ಬಂದು ನಿಂತಿತು. ಇಷ್ಟು ದಿನ ಹುಡುಕಿದ ಆಸನ ಮನೆಯಲ್ಲೇ ಇತ್ತು. ನಾನೂ ನೋಡುವ ಎಂದು ಅತ್ತೆಯ ಭುಜದ ಪಕ್ಕಕ್ಕೆ ಬಗ್ಗಿದೆ. ಅವರು ಹಿಂದೆ ತಿರುಗದೆಯೇ ಕೈ ಅಡ್ಡ ಹಿಡಿದರು.

"ನೀನು ನನ್ನ ಬೆನ್ನ ಹಿಂದೆಯೇ ಇರು. ಆಚೆ ಈಚೆ ತಲೆ ಹಾಕಬೇಡ."

"ಯಾಕೆ ಅತ್ತೆ?"

"ಇದ್ರಲ್ಲಿ ಅವನು ನಮಗೆ ಹತ್ತಿರ ಕಾಣುದಾದ್ರೆ ನಾವೂ ಅವನಿಗೆ ಹತ್ತಿರ ಕಾಣ್ತೇವೆ. ತೂತು ಎರಡು ಬದಿಗೂ ಉಂಟಲ್ಲ. ನೋಡುದಾದ್ರೆ ನನ್ನನ್ನೇ ನೋಡ್ಲಿ. ಕರ್ಕೊಂಡು ಹೋಗುದಾದ್ರೆ ನನ್ನನ್ನೇ ಕರ್ಕೊಂಡು ಹೋಗ್ಲಿ. ನನ್ನ ಹಿಂದೆ ಯಾರಾದ್ರೂ ಇದ್ದಾರೆ ಅಂತ ಅವನಿಗೆ ಗೊತ್ತಾಗುದು ಬೇಡ."

ನಾನು ಹಿಂದೆ ಸರಿದೆ. ಒಲೆಯ ಕಟ್ಟೆ ಹಿಡಿದು ನಿಂತೆ. ಎಂಟು ದಿನದಿಂದ ಆ ಬೆಂಚು, ಆ ಕುರ್ಚಿ, ಆ ಮಣೆ ಯಾವುದೂ ಅವರ ಬೆನ್ನಿಗೆ ಆಗದೆ ಹೋದದ್ದಲ್ಲ. ಯಾವುದರ ಮೇಲೆ ಕೂತರೂ ಅವರ ಹಿಂದೆ ನಾನಿದ್ದ ಬಾಗಿಲು ಮರೆಯಾಗುತ್ತಿರಲಿಲ್ಲ. ಮಣೆಯನ್ನು ಬಾಗಿಲ ಹತ್ತಿರ ಸರಿಸಿ ಎಂದದ್ದು, ನನ್ನನ್ನು ಒಳಗೆ ಕಳುಹಿಸಿದ್ದು, ಬಾಗಿಲು ಹಾಕಿಸಿದ್ದು ಎಲ್ಲ ಅದಕ್ಕೇ. ಊಟ ಬಿಟ್ಟದ್ದೂ ತನ್ನ ಜೀವ ಉಳಿಸಿಕೊಳ್ಳಲಿಕ್ಕಲ್ಲ. ಒಂದು ಜೀವದ ಬದಲಿಗೆ ಇನ್ನೊಂದು ಎಂದು ಅವರು ಯಾರ ಹತ್ತಿರವೂ ಹೇಳದೆ ಶನಿಯ ಜೊತೆ ಮಾತಾಡಿಕೊಂಡಿದ್ದರು. ಅಂಥವರಿಗೆ ನಾನು ಜೀವದಾಸೆ ಎಂದಿದ್ದೆ. ನಾಚಿಕೆಯಿಂದ ನನಗೆ ಅಳಲಿಕ್ಕೂ ಆಗಲಿಲ್ಲ.

ಅತ್ತೆ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಗಾಜಿಗೆ ಇಟ್ಟರು. ಶನಿ ಜಾರಿಹೋದಾಗಲೆಲ್ಲ ಮಾಸ್ಟ್ರು ಕೊಳವೆಯನ್ನು ಸರಿಮಾಡಿ ಕೊಟ್ಟರು, ಅತ್ತೆ ಪುನಃ ಕಣ್ಣಿಟ್ಟರು. ಐದು ನಿಮಿಷ ಹೋಯಿತು, ಹತ್ತು ನಿಮಿಷ ಹೋಯಿತು. ಏನು ಕಾಣ್ತದೆ ಎಂದು ಮಾಸ್ಟ್ರು ಎರಡು ಸಲ ಕೇಳಿದರು. ನಾನು ಒಳಗೆ ನಿಂತು ಅವರ ಉಸಿರನ್ನೇ ಕೇಳುತ್ತಿದ್ದೆ. ಊಟವಿಲ್ಲದ ಜೀವ, ಹೆದರಿ ಅಲ್ಲಿಯೇ ಕುಸಿದರೆ ಏನು ಗತಿ. ಕಡೆಗೆ ಶನಿ ತೆಂಗಿನ ಗರಿಗಳ ಹಿಂದೆ ಇಳಿಯಿತು. ಅತ್ತೆ ಕಣ್ಣು ತೆಗೆದು ಸೆರಗಿನಿಂದ ಒರೆಸಿಕೊಂಡರು.

"ಸಿಂಬೆಯ ಮೇಲೆ ಸಣ್ಣ ಕೊಡ ಇಟ್ಟ ಹಾಗೆ ಉಂಟು" ಎಂದರು. ನನ್ನ ಕಡೆಗೆ ತಿರುಗಿ ಹೇಳಿದರು. "ನಾನು ಸರಿಯಾಗಿ ಹುಡುಕಿದೆ ಮಾರಾಯ್ತಿ. ಅವನಿಗೆ ಕಣ್ಣೇ ಇಲ್ಲ."

ಗುರುತ್ವ, ಉಂಗುರ, ಕೋಟಿ ಮೈಲು ಎಂದೆಲ್ಲ ಹೇಳಲು ವಾರದಿಂದ ತಯಾರಾಗಿದ್ದ ಮಾಸ್ಟ್ರು ಬಾಯಿ ತೆರೆದು, ನನ್ನ ಮುಖ ನೋಡಿ ಮುಚ್ಚಿಕೊಂಡರು. ಅವರು ಜೀವಮಾನದಲ್ಲಿ ಬಿಟ್ಟುಬಿಟ್ಟ ಒಂದೇ ಪಾಠ ಅದು. ಅತ್ತೆ ಎದ್ದು ನಿಲ್ಲಲು ನನ್ನ ಕೈ ಕೇಳಿದರು. ಗಂಜಿ ಉಂಟಾ ಎಂದರು. ಮಧ್ಯಾಹ್ನ ಅವರು ದೂಡಿದ್ದ ಬಟ್ಟಲನ್ನು ಬದಿಗಿಟ್ಟು, ನಾನು ಬಿಸಿ ಗಂಜಿ ಬಡಿಸಿದೆ, ಮೇಲಿನಿಂದ ತುಪ್ಪ ಹಾಕಿದೆ. ಎರಡು ಸಲ ಹಾಕಿಸಿಕೊಂಡರು. ಮಗು ಅಲುಗಿದ್ದು ನಡುರಾತ್ರಿಗೆ. ನಾನು ಹೇಳುವ ಮೊದಲೇ ಆ ರಾತ್ರಿ ನನ್ನ ಪಕ್ಕಕ್ಕೇ ಚಾಪೆ ಹಾಸಿಕೊಂಡಿದ್ದ ಅತ್ತೆಯ ಕೈ ಬಂದು ಹೊಟ್ಟೆಯ ಮೇಲೆ ಕೂತಿತು.

ಮಗಳು ಹುಟ್ಟಿದ್ದು ಅಮಾವಾಸ್ಯೆಯಾಗಿ ಆರನೆಯ ದಿನ. ಉಳಿದಳು. ಆದರೆ ಆ ಅಮಾವಾಸ್ಯೆಯ ದಿನ ನಮಗೆ ಅದು ಗೊತ್ತಿರಲಿಲ್ಲವಲ್ಲ. ಊರಿನಲ್ಲಿ ಭಜನೆ, ಹೋಮ, ಬಾಗಿಲು ಹಾಕಿ ಕೂತ ಮನೆಗಳು. ನಾನು ಬೆಳಗ್ಗೆ ಎದ್ದು ಅಡಿಗೆಮನೆಗೆ ಬಂದರೆ ಅತ್ತೆ ಹಿಂಬಾಗಿಲಿನ ಹೊಸ್ತಿಲ ಮೇಲೆ ಸೆರಗು ಹರಡಿ ಕೂತಾಗಿತ್ತು. ಅವನಿಗೆ ಕಣ್ಣಿಲ್ಲ ಅಂತ ನೀವೇ ಹೇಳಿದ್ದಲ್ಲ ಅತ್ತೆ ಎಂದೆ.

"ಶನಿಗೆ ಇಲ್ಲ" ಎಂದರು. "ಉಳಿದ ಏಳು ಜನರದ್ದು ನಾನು ನೋಡ್ಲಿಲ್ಲ."

ನಾನು ವಾದ ಮಾಡಲಿಲ್ಲ. ಕೂಸಪ್ಪ ಬಿಟ್ಟುಹೋಗಿದ್ದ ಗೋಣಿ ಮೂಲೆಯಲ್ಲಿತ್ತು. ಅದನ್ನು ನಾಲ್ಕು ಮಡಿಕೆ ಮಾಡಿ ಅವರ ಅಡಿಗೆ ಹಾಕಿದೆ. ಸಿಪ್ಪೆಯ ಚೀಲವನ್ನು ತಂದು ಒರಗಲು ಅವರ ಬೆನ್ನ ಹಿಂದೆ ಇಟ್ಟೆ. ಈಗ ಆಗ್ತದಾ ಎಂದು ಕೇಳಿದೆ. ಆಗ್ತದೆ, ನೀನು ಒಳಗೆ ಹೋಗಿ ಮಲಕ್ಕೋ ಎಂದರು. ನಾನು ಒಳಗೆ ಹೋಗಿ ಅವರ ಬೆನ್ನು ಕಾಣುವ ಕಡೆ ಚಾಪೆ ಹಾಸಿ ಮಲಗಿದೆ.