ಹಾಡಿನ ನಡುವಿನ ಉಸಿರು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬೇಗ ಬರುತ್ತದೆ. ಮೂರು ತಿಂಗಳ ಹಿಂದೆ ಗಂಟಲಿನ ಗಡ್ಡೆ ತೆಗೆಸಿದ ಮೇಲೆ ಅದು ಇನ್ನೂ ಹೆಚ್ಚಾಗಿದೆ, ಯಾಕೆಂದರೆ ಬೈಯಲು ಸ್ವರವೇ ಇಲ್ಲ. ಬಾಯಿ ತೆರೆದರೆ ಸೈಕಲ್ ಟ್ಯೂಬಿನ ಗಾಳಿ ಬಿಟ್ಟ ಹಾಗೆ ಬುಸ್ ಎನ್ನುತ್ತದೆ, ಪಿಸುಗುಟ್ಟಿದರೆ ಹತ್ತಿರ ಕೂತವರಿಗೆ ಮಾತ್ರ ಕೇಳುತ್ತದೆ. ಗಡ್ಡೆ ಸ್ವರದ ನರಕ್ಕೇ ಅಂಟಿಕೊಂಡಿತ್ತಂತೆ. ಜೀವ ಉಳಿಯಿತಲ್ಲ, ಅಷ್ಟು ಸಾಕು ಎಂದು ಕಾಪುವಿನ ಮಾರಿಗುಡಿಯಲ್ಲಿ ಕೈಮುಗಿದೆ. ಮುಗಿದ ಕೈ ಇಳಿಸುವ ಮೊದಲೇ ಹಾಡಿನ ನೆನಪಾಗಿ ಅತ್ತದ್ದೂ ನಿಜ.

ನನ್ನ ಹೆಸರು ಮೋಹಿನಿ. ಕಾಪುವಿನ ನಮ್ಮ ನಾಟಕ ಸಂಘದಲ್ಲಿ ಇಪ್ಪತ್ತೆರಡು ವರ್ಷ ಹಾಡಿದವಳು. ಹಾಡುವಾಗ ನನ್ನ ಮುಖ ನೋಡಿದವರು ಮಾತ್ರ ಯಾರೂ ಇಲ್ಲ. ಆಗ ನಮ್ಮ ಸಂಘದಲ್ಲಿ ಹೆಣ್ಣಿನ ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಕಾರ್ಕಳದ ದೇವದಾಸಣ್ಣ ಸೀರೆ ಉಟ್ಟು ನಿಂತರೆ ಹೆಂಗಸರೇ ಹೊಟ್ಟೆಕಿಚ್ಚು ಪಡಬೇಕು, ಅಷ್ಟು ಚಂದ. ಹಾಡಲು ಬಾಯಿ ತೆರೆದರೋ, ಕಾಗೆ! ಅದಕ್ಕೆ ಒಂದು ಏರ್ಪಾಡು. ಅವರು ರಂಗದ ಮೇಲೆ ತುಟಿ ಅಲ್ಲಾಡಿಸುವುದು, ನಾನು ಸೈಡ್‌ವಿಂಗಿನ ಪರದೆಯ ಹಿಂದೆ ನಿಂತು ಹಾಡುವುದು. ನನ್ನ ಅತ್ತೆಯವರ ಷರತ್ತೂ ಹಾಗೆಯೇ ಇತ್ತು. ‘ಹಾಡುವುದಾದರೆ ಹಾಡಲಿ, ಮುಖ ಊರಿಗೆ ಕಾಣುವುದು ಬೇಡ’ ಎಂದಿದ್ದರು.

ಸಂಘದ ಹಾಡುಗಳಲ್ಲಿ ಊರಿಗೆ ಊರೇ ನೆನಪಿಟ್ಟುಕೊಂಡದ್ದು ಒಂದು. ಗಂಡನ ಮನೆಯಿಂದ ಓಡಿಬಂದ ಹುಡುಗಿ ಹೊಳೆಯ ದಡದಲ್ಲಿ ನಿಂತು ದೋಣಿಯವನನ್ನು ಕೂಗುವ ಹಾಡು.

‘ಕಡವಿನ ದೋಣಿಯ ಅಣ್ಣಯ್ಯಾ, ನನ್ನನು ಬಿಟ್ಟು ಹೊರಡದಿರು
ಆಚೆಯ ದಡದಲಿ ನನ್ನವರುಂಟು, ಒಬ್ಬಳಿಗೆ ಎಡೆ ಮಾಡಿಕೊಡು’

ಹೆಜಮಾಡಿಯಲ್ಲಿ ಆ ನಾಟಕದ ಮೊದಲ ಪ್ರದರ್ಶನ. ನನಗೆ ಏಳು ತಿಂಗಳು. ‘ನನ್ನನು’ ಎನ್ನುವಷ್ಟರಲ್ಲಿ ಹೊಟ್ಟೆಯೊಳಗಿನ ಪುಣ್ಯಾತ್ಮೆ ಒಂದು ಒದ್ದಳು ನೋಡಿ, ಉಸಿರು ಸಿಕ್ಕಿಬಿತ್ತು. ಸಾಲಿನ ನಡುವೆಯೇ ನಿಲ್ಲಿಸಿ, ಉಸಿರು ಎಳೆದುಕೊಂಡು, ಆಮೇಲೆ ‘ಬಿಟ್ಟು ಹೊರಡದಿರು’ ಎಂದೆ. ಉಸಿರೆಳೆದ ಸದ್ದು ಮೈಕಿನಲ್ಲಿ ಇಡೀ ಮೈದಾನಕ್ಕೆ ಕೇಳಿತು. ಹೋಯಿತು ಮಾನ, ಅಂದುಕೊಂಡೆ. ದೇವದಾಸಣ್ಣ ಒಂದು ಚೂರೂ ಗಲಿಬಿಲಿಗೊಳ್ಳಲಿಲ್ಲ. ಸಟಕ್ಕನೆ ಕೈಯನ್ನು ಎದೆಗೆ ಒತ್ತಿಕೊಂಡರು. ಜನ ಅದನ್ನು ಬಿಕ್ಕು ಎಂದು ತಿಳಿದು ಕಣ್ಣೊರೆಸಿಕೊಂಡರು, ‘ಒನ್ಸ್ ಮೋರ್’ ಎಂದು ಕೂಗಿ ಇನ್ನೊಮ್ಮೆ ಹಾಡಿಸಿದರು. ಮಗಳು ಹುಟ್ಟಿದ ಮೇಲೂ ಆ ಉಸಿರು ಹಾಡಿನಲ್ಲೇ ಉಳಿಯಿತು. ಬಿಟ್ಟು ಹಾಡಿದರೆ ಜನ ಒಪ್ಪುತ್ತಿರಲಿಲ್ಲ.

ಪೇಪರಿನಲ್ಲಿ ‘ದೇವದಾಸರ ಬಿಕ್ಕು’ ಎಂದೇ ಬಂತು. ಉಚ್ಚಿಲದಲ್ಲಿ ನಾಟಕ ಮುಗಿದ ಮೇಲೆ ಒಬ್ಬಳು ಹೆಂಗಸು ನನ್ನ ಭುಜ ಹಿಡಿದು ಬದಿಗೆ ಸರಿಸಿದಳು. ‘ಸ್ವಲ್ಪ ದಾರಿ ಬಿಡಿ ಮಾರಾಯ್ರೆ, ಹಾಡಿದವರನ್ನು ನೋಡಬೇಕು’ ಎಂದು ದೇವದಾಸಣ್ಣನ ಹತ್ತಿರ ಓಡಿದಳು. ನಾನು ದಾರಿ ಬಿಟ್ಟೆ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ? ಒಮ್ಮೆ, ಒಂದೇ ಒಂದು ಸಲ, ಜನರ ಮುಖ ನೋಡುತ್ತಾ ಆ ಹಾಡು ಹಾಡಬೇಕೆಂಬ ಆಸೆ ಅಂದಿನಿಂದ ಮನಸ್ಸಿನಲ್ಲಿ ಕೂತಿತ್ತು.

ಆಸೆ ಕೈಗೂಡುವ ಹೊತ್ತಿಗೇ ಸ್ವರ ಹೋಯಿತು. ನಮ್ಮ ಹಾರ್ಮೋನಿಯಂ ಲೂಯಿಸಣ್ಣ ಉಡುಪಿಯಲ್ಲಿ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದರು. ನಾಟಕದ ಹಳೆಯ ಹಾಡುಗಳು, ಸಿನೆಮಾದ ಹಾಡುಗಳು, ಈಗಿನ ಹೊಸ ಹಾಡುಗಳು, ಎಲ್ಲ ಒಂದೇ ವೇದಿಕೆಯಲ್ಲಿ. ಆಮಂತ್ರಣ ಆಪರೇಷನ್ನಿಗೆ ಮೊದಲೇ ಅಚ್ಚಾಗಿತ್ತು. ‘ಪರದೆಯ ಹಿಂದಿನ ಮೋಹಿನಿ, ಮೊದಲ ಸಲ ಪರದೆಯ ಮುಂದೆ’ ಎಂದು ದಪ್ಪ ಅಕ್ಷರ ಬೇರೆ. ನಾನು ಬರುವುದಿಲ್ಲ ಎಂದು ಹೇಳಿ ಕಳಿಸಿದೆ. ಮೊಮ್ಮಗಳು ಅಕ್ಷಿತಾ ಮಣಿಪಾಲದಲ್ಲಿ ಓದುತ್ತಾ ನನ್ನ ಜೊತೆಯೇ ಇದ್ದಾಳೆ, ಚೆನ್ನಾಗಿ ಹಾಡುತ್ತಾಳೆ. ‘ಅಜ್ಜಿ, ನಿಮ್ಮ ಬದಲು ನಾನು ಹಾಡುತ್ತೇನೆ’ ಎಂದಳು.

‘ನೀನು ಹಾಡುವುದಾದರೆ ನಾನು ಅಲ್ಲಿ ಎಂತಕ್ಕೆ? ಕುರ್ಚಿ ತುಂಬಿಸಲಿಕ್ಕಾ?’ ಎಂದು ಪಿಸುದನಿಯಲ್ಲೇ ಹಾರಾಡಿದೆ. ಪಾಪ, ಮಗು ಎದ್ದು ಒಳಗೆ ಹೋಯಿತು.

ಮರುದಿನ ದೇವದಾಸಣ್ಣ ಕಾರ್ಕಳದಿಂದ ಬಸ್ಸಿನಲ್ಲಿ ಬಂದರು. ಎಪ್ಪತ್ತು ದಾಟಿದೆ, ಮಂಡಿನೋವು ಬೇರೆ. ಚಾವಡಿಯಲ್ಲಿ ಕೂತು ಉಸಿರು ಸುಧಾರಿಸಿಕೊಳ್ಳುವ ಮೊದಲೇ ಶುರು.

‘ಎಂತ ಮಾರಾಯ್ತಿ, ಬರುವುದಿಲ್ಲ ಅಂದಿಯಂತೆ?’

‘ಬಂದು ಎಂತ ಮಾಡುವುದು? ಬುಸ್ ಎನ್ನುವುದಾ?’

‘ನೀನು ಮುಂದೆ ನಿಲ್ಲು. ನಾನು ವಿಂಗಿನಲ್ಲಿ ನಿಂತು ಹಾಡುತ್ತೇನೆ.’

ನಗಬೇಕೋ ಬಡಿಯಬೇಕೋ ಗೊತ್ತಾಗಲಿಲ್ಲ. ‘ನಿಮ್ಮ ಸ್ವರದಲ್ಲಾ? ದೇವರೇ! ಇದ್ದ ಮರ್ಯಾದೆಯೂ ಹೋಗುತ್ತದೆ. ಜನ ಎದ್ದು ಹೋದರೆ?’

‘ಹೋಗಲಿ. ಇಪ್ಪತ್ತೆರಡು ವರ್ಷ ನಿನ್ನ ಹಾಡಿಗೆ ಬಾಯಿ ಆಡಿಸಿದವನು ನಾನು. ನೀನು ಎಲ್ಲಿ ಎಳೆಯುತ್ತೀ, ಎಲ್ಲಿ ನಿಲ್ಲಿಸುತ್ತೀ, ಎಲ್ಲಿ ಉಸಿರು ತೆಗೆಯುತ್ತೀ, ನಿನಗಿಂತ ಹೆಚ್ಚು ನನಗೆ ಗೊತ್ತುಂಟು. ರಾಗ ಒಂದು ಚೂರು ಅತ್ತಿತ್ತ ಆದೀತು, ಅಷ್ಟೇ.’

‘ಒಂದು ಚೂರಾ!’

ಅವರು ನಗಲಿಲ್ಲ. ‘ಮೋಹಿನಿ, ನನಗೆ ಸಿಕ್ಕಿದ ಚಪ್ಪಾಳೆಯಲ್ಲಿ ಅರ್ಧ ನಿನ್ನದು. ಒಮ್ಮೆಯೂ ನಿನ್ನನ್ನು ಕೈಹಿಡಿದು ಮುಂದೆ ಕರೆಯಲಿಲ್ಲ. ನಿನ್ನ ಅತ್ತೆಯವರ ಹೆದರಿಕೆ ಅಂತ ನನಗೆ ನಾನೇ ಹೇಳಿಕೊಂಡೆ. ಅವರು ತೀರಿಹೋದ ಮೇಲೂ ಕರೆಯಲಿಲ್ಲ, ಅಲ್ವಾ?’

ಅಕ್ಷಿತಾ ಚಹಾ ತಂದಿಟ್ಟಳು. ಕುಡಿದು ಮುಗಿಸುವಷ್ಟರಲ್ಲಿ ನಾನು ಆಯಿತು ಎಂದಿದ್ದೆ.

ಕಾರ್ಯಕ್ರಮ ಆದಿತ್ಯವಾರ ಸಂಜೆ ನಾಲ್ಕು ಗಂಟೆಗೆ. ಸಭಾಂಗಣದಲ್ಲಿ ನಾನೂರು ಜನರಾದರೂ ಇದ್ದಿರಬೇಕು. ಅಕ್ಷಿತಾ ಹೊಸ ಸಿನೆಮಾದ ಹಾಡೊಂದನ್ನು ಹಾಡಿದಳು, ಕಾಲೇಜಿನ ಮಕ್ಕಳು ಶಿಳ್ಳೆ ಹೊಡೆದರು. ಆಮೇಲೆ ಲೂಯಿಸಣ್ಣ ನನ್ನ ಹೆಸರು ಕರೆದರು. ನಡೆದುಕೊಂಡು ಹೋಗಿ ಬೆಳಕಿನಲ್ಲಿ ನಿಂತೆ. ಎದುರಿಗೆ ಸಾಲು ಸಾಲು ಮುಖಗಳು, ಎಲ್ಲವೂ ನನ್ನನ್ನೇ ನೋಡುವ ಮುಖಗಳು. ಇಷ್ಟು ಹೆದರಿಕೆಯಾಗುತ್ತದೆಂದು ಮೊದಲೇ ಗೊತ್ತಿದ್ದರೆ ಅಷ್ಟು ವರ್ಷ ಆಸೆಪಡುತ್ತಿರಲಿಲ್ಲ.

ಪರದೆಯ ಹಿಂದಿನಿಂದ ದೇವದಾಸಣ್ಣನ ಮಾತು ಮೈಕಿನಲ್ಲಿ ಬಂತು. ‘ಮಹನೀಯರೇ, ನನ್ನ ಬಾಯಿಂದ ನೀವು ಇಷ್ಟು ವರ್ಷ ಕೇಳಿದ್ದು ಇವರ ಸ್ವರ. ನೀವು ಮೆಚ್ಚಿದ ಆ ಬಿಕ್ಕು ನನ್ನದಲ್ಲ, ಏಳು ತಿಂಗಳ ಬಸುರಿಯ ಉಸಿರು ಅದು. ಇವರ ಸ್ವರಕ್ಕೆ ಈಗ ಸೌಖ್ಯ ಇಲ್ಲ. ಅದಕ್ಕೆ ಇವತ್ತು ನಾನು ವಿಂಗಿನಲ್ಲಿ.’

ಹಾರ್ಮೋನಿಯಂ ಶ್ರುತಿ ಹಿಡಿಯಿತು. ‘ಕಡವಿನ ದೋಣಿಯ’ ಎಂದರು. ಅಯ್ಯೋ, ಕಾಗೆಯೇ! ಮೂರನೆಯ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇಳಿದು ಹೋಗಿಬಿಡಲಾ ಎನ್ನಿಸಿತು. ಸೆರಗನ್ನು ಬಾಯಿಯ ಹತ್ತಿರ ಹಿಡಿದು ತುಟಿ ಅಲ್ಲಾಡಿಸಿದೆ, ದೇವದಾಸಣ್ಣನೇ ಹಿಂದೆ ಮಾಡುತ್ತಿದ್ದ ಉಪಾಯ ಅದು. ‘ನನ್ನನು’ ಎಂದು ಅವರು ನಿಲ್ಲಿಸಿದರು. ಉಸಿರು ಎಳೆದರು. ಅದೇ ಜಾಗ, ಅಷ್ಟೇ ಹೊತ್ತು. ನನಗೆ ಗೊತ್ತಿಲ್ಲದೆಯೇ ನನ್ನ ಕೈ ಎದೆಗೆ ಹೋಯಿತು. ನಗುತ್ತಿದ್ದವರು ಅಲ್ಲಿಗೇ ತಣ್ಣಗಾದರು. ಆಮೇಲೆ ಅವರ ರಾಗ ಎಲ್ಲಿಗೆ ಹೋಯಿತೋ ನನಗೆ ತಿಳಿಯದು. ನಾನು ನನ್ನ ಹಾಡನ್ನೇ ಕೇಳುತ್ತಿದ್ದೆ.

ಹಾಡು ಮುಗಿದಾಗ ಜನ ಎದ್ದು ನಿಂತರು. ಹೋಗಲಿಕ್ಕೆ ಎದ್ದರು ಎಂದುಕೊಂಡೆ. ‘ಒನ್ಸ್ ಮೋರ್! ಒನ್ಸ್ ಮೋರ್!’ ಎಂದು ಕೂಗಿದಾಗಲೇ ಗೊತ್ತಾದದ್ದು. ನಾನು ಪರದೆ ಸರಿಸಿ ಒಳಗೆ ಹೋದೆ. ದೇವದಾಸಣ್ಣ ಬೆವರಿನಲ್ಲಿ ಮಿಂದು, ಮೈಕಿನ ಕಂಬ ಹಿಡಿದು ನಿಂತಿದ್ದರು. ಕಣ್ಣು ಕೆಂಪಾಗಿತ್ತು.

‘ಇಲ್ಲಿಂದ ನಿನ್ನ ಬೆನ್ನು ಮಾತ್ರ ಕಾಣುವುದು. ಜನ ಕಾಣುವುದೇ ಇಲ್ಲ. ಇಷ್ಟು ವರ್ಷ ನನಗೆ ಅದು ಗೊತ್ತೇ ಇರಲಿಲ್ಲ ಮಾರಾಯ್ತಿ’ ಎಂದರು.

ನಿಮ್ಮಿಂದ ಉಪಕಾರವಾಯಿತು ದೇವದಾಸಣ್ಣ, ಎನ್ನಬೇಕೆಂದು ಬಾಯಿ ತೆರೆದೆ. ಬುಸ್ ಎಂದಿತು. ಅವರ ಕೈ ಹಿಡಿದು ಎಳೆದುಕೊಂಡು ಬಂದು ಬೆಳಕಿನಲ್ಲಿ ನಿಲ್ಲಿಸಿದೆ.

ಎರಡನೆಯ ಸಲ ಅವರು ಶುರುಮಾಡುವಷ್ಟರಲ್ಲಿ ಜನರೇ ಹಾಡತೊಡಗಿದ್ದರು. ಹೆಜಮಾಡಿಯ ಮೈದಾನದಲ್ಲಿ ಕೇಳಿದ ಮುದುಕರು, ಅವರಿಂದ ಕಲಿತ ಮಕ್ಕಳು, ನನ್ನನ್ನು ಎಂದೂ ನೋಡದವರು. ಮುಂದಿನ ಸಾಲಿನಲ್ಲಿ ಅಕ್ಷಿತಾ ಮೊಬೈಲ್ ಎತ್ತಿ ಹಿಡಿದಿದ್ದಳು, ಅದರಲ್ಲಿ ಮಸ್ಕತ್ತಿನಿಂದ ನನ್ನ ಮಗಳು, ಅಂದು ಒದ್ದವಳು, ಕಣ್ಣೊರೆಸಿಕೊಳ್ಳುತ್ತಿದ್ದಳು. ‘ನನ್ನನು’ ಎಂದು ಹಾಡಿ ಇಡೀ ಸಭೆ ನಿಲ್ಲಿಸಿತು. ನಾನೂರು ಜನ ಒಟ್ಟಿಗೆ, ನಾನು ತಪ್ಪಿದ ಜಾಗದಲ್ಲೇ, ನನ್ನ ಉಸಿರು ಎಳೆದುಕೊಂಡರು. ಉಳಿದದ್ದನ್ನು ಅವರೇ ಹಾಡಿದರು. ನಾನು ಕೈಮುಗಿದು ನಿಂತು ಕೇಳಿದೆ.