ಬಚ್ಚಲಗುಂಡಿಯ ಮರಳು

ಯುದ್ಧ ಮುಗಿದ ವರ್ಷ ಬೂದಿಗೆರೆ ಸೀಮೆಯಲ್ಲಿ ಮಳೆ ಚೆನ್ನಾಗಿ ಹಿಡಿಯಿತು. ಕೆರೆ ತುಂಬಿ, ಅದರ ನಡುವಿನ ದಿಬ್ಬದ ಮೇಲಿದ್ದ ಹನ್ನೊಂದು ಮನೆಗಳಿಗೆ ಸುತ್ತಲೂ ನೀರಾಯಿತು. ದಡಕ್ಕೆ ಹೋಗಬೇಕಾದರೆ ತೆಪ್ಪವೇ ಗತಿ. ಆ ಮನೆಗಳ ಬಚ್ಚಲ ನೀರು ಇಳಿಯುತ್ತಿದ್ದದ್ದೂ ಕೆರೆಗೇ, ಅವರು ಕುಡಿಯುತ್ತಿದ್ದದ್ದೂ ಅದೇ ಕೆರೆಯ ನೀರನ್ನೇ. ಹಿಂದಿನ ವರ್ಷ ವಾಂತಿಭೇದಿಗೆ ಮೂವರು ತೀರಿಹೋಗಿದ್ದರು. ಆಗ ಬಂದ ಆರೋಗ್ಯ ಇನ್ಸ್‌ಪೆಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು: ಕೊಳೆನೀರೆಲ್ಲ ಒಂದೇ ಗುಂಡಿಗೆ ಬೀಳಬೇಕು, ಮರಳು, ಇದ್ದಲು, ಜಲ್ಲಿಯಲ್ಲಿ ಸೋಸಿ ಬಾಳೆಪಾತಿಗೆ ಹೋಗಬೇಕು, ಇಲ್ಲವಾದರೆ ದಿಬ್ಬ ಖಾಲಿ ಮಾಡಬೇಕು.

ಗುಂಡಿ ತೋಡಿದವನು ಬಾವಿ ಕೆಲಸದ ರಾಮಾಂಜಿನಪ್ಪ. ಅರವತ್ತರ ಹತ್ತಿರದವನು. ಬೇರೆ ಕಡೆ ಹೋಗಿ ಇನ್ನೊಂದು ಮನೆಗೆ ಗೋಡೆ ಏರಿಸುವ ಕಸುವು ಅವನ ತೋಳಲ್ಲಿ ಉಳಿದಿರಲಿಲ್ಲ.

ಇನ್ಸ್‌ಪೆಕ್ಟರು ಮತ್ತೆ ಬರುವುದಕ್ಕೆ ಎರಡು ದಿನವಿತ್ತು. ಬೆಳಿಗ್ಗೆ ನೋಡಿದರೆ ಗುಂಡಿ ಕಟ್ಟಿಕೊಂಡು, ಬೂದುಬಣ್ಣದ ನೀರು ಏರಿ ಮೇಲಿಂದ ಕೆರೆಗೆ ಹರಿಯುತ್ತಿತ್ತು. ಒಂದೇ ತಿಂಗಳಲ್ಲಿ ಇದು ಮೂರನೆಯ ಸಲ.

"ಇನ್ನೂ ನೋಡ್ತಾ ನಿಂತ್ರೆ ಅದೇ ಇಳೀತದಾ?" ಎಂದಳು ಹೆಂಡತಿ ಪಾಪಕ್ಕ.

"ಸೊಂಟ ಬಗ್ಗಬೇಕಲ್ಲೇ. ಅದನ್ನ ಒಪ್ಪಿಸ್ತಾ ಇದೀನಿ."

ನೀರು ಮೊಗೆದು ಹಾಕಿ ಗುದ್ದಲಿ ಆಡಿಸಿದಾಗ ಮರಳಿನ ಮೇಲೆ ಹಪ್ಪಳದಂಥ ಹಸಿರುಗಪ್ಪು ಪದರ ಎದ್ದು ಬಂತು. ಮೂಸಿ ನೋಡಿದ. ಸಗಣಿ.

"ಯಾರ್ರೋ ಇಲ್ಲಿಗೆ ಸಗಣಿ ಹಾಕ್ತಿರೋರು?"

"ನಾನೇ ಕಣೋ," ಎನ್ನುತ್ತ ಅಮ್ಮಯಮ್ಮ ಕೋಲೂರಿಕೊಂಡು ಬಂದಳು. ದಿಬ್ಬಕ್ಕೆಲ್ಲ ಹಿರಿಯಳು. ವಾಂತಿಭೇದಿಗೆ ತೀರಿಹೋದ ಮೂವರಲ್ಲಿ ಒಬ್ಬಳು ಅವಳ ಸೊಸೆ. "ಊರೋರ ಮೈಕೊಳೆಯೆಲ್ಲ ಇಳಿಯೋ ಜಾಗ. ಹಂಗೇ ಬಿಡಕ್ಕಾಯ್ತದಾ? ದಿನಾ ಕತ್ತಲಲ್ಲೇ ಎದ್ದು ಸಾರಿಸ್ತೀನಿ. ಇನ್ಯಾರ ಮನೇಗೂ ಆ ಮಾರಿ ಬರಬಾರ್ದು ಅಂತ."

ರಾಮಾಂಜಿನಪ್ಪನಿಗೆ ಬೈಗುಳ ಬಾಯಿವರೆಗೆ ಬಂದಿತ್ತು. ನುಂಗಿಕೊಂಡ. ಅವಳ ಬೆರಳುಗಳ ಸಂದಿಯಲ್ಲಿ ಸಗಣಿ ಇನ್ನೂ ಒಣಗಿರಲಿಲ್ಲ.

"ಅತ್ತೇ, ಮರಳು ಉಸಿರಾಡಬೇಕು. ನೀನು ಮೂಗು ಮುಚ್ಚಿಬಿಟ್ಟಿದೀಯ."

"ಮರಳಿಗೆ ಮೂಗೆಲ್ಲಿದೆಯೋ?"

"ಐತೆ. ನಾನೇ ಇಟ್ಟಿದ್ದು."

ಮುದುಕಿ ಒಪ್ಪಲಿಲ್ಲ. ಸಾರಿಸದ ಜಾಗ ಅವಳ ಕಣ್ಣಿಗೆ ಹೇಸಿಗೆಯೇ. ಅವನೂ ವಾದಕ್ಕೆ ನಿಲ್ಲಲಿಲ್ಲ. ಗುಂಡಿಯ ಪಕ್ಕ ಒಂದು ಚಪ್ಪಡಿ ಉರುಳಿಸಿ ತಂದು ಕೂರಿಸಿದ. "ಸಾರಿಸೋದು ಇದರ ಮೇಲೆ. ರಂಗೋಲಿನೂ ಹಾಕು. ಒಳಗಿಳಿದ್ರೆ ಮಾತ್ರ ನಿನ್ನನ್ನೇ ಸೋಸಿಬಿಡ್ತೀನಿ."

"ಸೋಸಿದ್ರೆ ಏನುಳೀತದೋ, ಮೂಳೆ," ಎಂದು ಅಮ್ಮಯಮ್ಮ ನಕ್ಕಳು.

ಮರಳನ್ನು ಕೆರೆಯಲ್ಲಿ ತೊಳೆಯುವಂತಿರಲಿಲ್ಲ. ಆ ಕೊಳೆ ಮತ್ತೆ ಕುಡಿಯುವ ನೀರಿಗೇ. ಮಂಕರಿಗಳಲ್ಲಿ ತುಂಬಿ, ತೆಪ್ಪದಲ್ಲಿ ದಡಕ್ಕೆ ಸಾಗಿಸಿ, ಅಲ್ಲಿನ ತೋಟದ ಬಾವಿಯಿಂದ ಎತ್ತು ಕಟ್ಟಿ ಎತ್ತುವ ಕಪಿಲೆ ನೀರಲ್ಲಿ ತೊಳೆದು, ವಾಪಸು ತರಬೇಕಾಯಿತು. ಮೊದಲ ದಿನ ಆರು ಮನೆಯವರು ಬಂದರು, ಎರಡನೆಯ ದಿನ ಇಬ್ಬರು. ಕೊನೆಯ ಮಂಕರಿ ಸುರಿಯುವಾಗ ರಾಮಾಂಜಿನಪ್ಪನ ಅಂಗೈ ಚರ್ಮ ಕಿತ್ತು ಬಂದಿತ್ತು.

ಮಾರನೆಯ ದಿನ ಇನ್ಸ್‌ಪೆಕ್ಟರು ತೆಪ್ಪದಿಂದಿಳಿದರು. ಎರಡು ಕೊಡ ಬಚ್ಚಲ ನೀರು ಸುರಿಸಿ ಬಾಳೆಪಾತಿಯ ಹತ್ತಿರ ಕುಕ್ಕರಗಾಲಲ್ಲಿ ಕೂತರು. ತುಂಬ ಹೊತ್ತು ಏನೂ ಬರಲಿಲ್ಲ. ರಾಮಾಂಜಿನಪ್ಪ ಗೋಡೆಗೊರಗಿ ಕಣ್ಣು ಮುಚ್ಚಿದ. ಕೊನೆಗೆ ಸಣ್ಣಗೆ ನೀರು ಜಿನುಗಿತು. ತಿಳಿಯಾಗಿತ್ತು. ಮೊದಲು ಕಟ್ಟಿಕೊಂಡದ್ದು ಸಗಣಿಯಿಂದ ಎಂದು ರಾಮಾಂಜಿನಪ್ಪ ತಿಳಿಸಿದ.

"ಸರಿ, ಈ ವರ್ಷ ಇರಿ," ಎಂದರು ಇನ್ಸ್‌ಪೆಕ್ಟರು. "ಆದರೆ ಕೇಳಿ, ಸಗಣಿ ಬೀಳಲಿ ಬಿಡಲಿ, ಮರಳು ತಿಂಗಳಿಗೊಮ್ಮೆ ತೊಳೆಯಲೇಬೇಕು. ತಪ್ಪಿಸಿದರೆ ಮತ್ತೆ ಕಟ್ಟಿಕೊಳ್ಳುತ್ತೆ."

"ಪ್ರತಿ ತಿಂಗಳಾ ಸ್ವಾಮಿ?"

"ಪ್ರತಿ ತಿಂಗಳು."

ಅವರು ಹೋದ ಮೇಲೆ ಪಾಪಕ್ಕ ಗಂಡನ ಅಂಗೈಗೆ ಹರಳೆಣ್ಣೆ ಹಚ್ಚಿದಳು. ದಿಬ್ಬ ಉಳಿಯಿತೆಂದು ಆಚೆ ಯಾರೋ ಕೂಗಿ ಹೇಳುತ್ತಿದ್ದರು.

"ಉಳೀತಲ್ಲಾ, ನಗಬಾರ್ದಾ?"

"ನಗ್ತೀನಿ ಇರು," ಎಂದ ರಾಮಾಂಜಿನಪ್ಪ. "ಮೊದ್ಲು ಒಂದಿಷ್ಟು ಮಲಗ್ತೀನಿ."